ಹಿಂದೆ ಕೂರುವವಳಿಗೊಂದು ಗಾಡಿ

1981ರಲ್ಲಿ ನಾನು ಮದುವೆಯಾಗಿ ಗೆಟ್ಟವಾಡಿಗೆ ಬಂದೆ. ನನ್ನ ತವರು ಘಾಟಿಯ ಕೆಳಗೆ, ಸತ್ಯಮಂಗಲದ ಹತ್ತಿರ ಭವಾನಿ ಕಾಲುವೆಯ ಬಯಲಿನಲ್ಲಿ. ಗಂಡನ ಮನೆ ಘಾಟಿಯ ಮೇಲೆ, ತಾಳವಾಡಿ ಸೀಮೆಯಲ್ಲಿ. ಎರಡು ಮನೆಯ ಮಾತೂ ಕನ್ನಡವೇ, ಜಿಲ್ಲೆಯೂ ಒಂದೇ. ನಡುವೆ ಇರುವುದು ಕಾಡು, ಆಮೇಲೆ ದಿಂಬಂ ಘಾಟಿಯ ಇಪ್ಪತ್ತೇಳು ತಿರುವು. ಬೇರೆಯವರಿಗೆ ಅದು ಅರ್ಧ ದಿನದ ದಾರಿ. ನನಗೆ ಮಾತ್ರ ದಾಟಲಾಗದ ದಾರಿ, ಯಾಕೆಂದರೆ ನನಗೆ ಬಸ್ಸು ಆಗುವುದಿಲ್ಲ.

ಬಸ್ಸು ಆಗುವುದಿಲ್ಲ ಎಂದರೆ ಜನ ನಗುತ್ತಾರೆ. ನಿಂಬೆಹಣ್ಣು ಮೂಸಿಕೊಂಡು ಕೂತರೆ ಸರಿಹೋಗುತ್ತದೆ ಎನ್ನುತ್ತಾರೆ. ನಾನು ನಿಂಬೆಹಣ್ಣು ಮೂಸಿದ್ದೇನೆ, ಹುಣಸೆಹಣ್ಣು ಚೀಪಿದ್ದೇನೆ, ಉಪವಾಸ ಹತ್ತಿದ್ದೇನೆ, ಹೊಟ್ಟೆ ತುಂಬ ತಿಂದು ಹತ್ತಿದ್ದೇನೆ. ಡೀಸೆಲ್ ವಾಸನೆ ಮೂಗಿಗೆ ತಾಗಿ ಬಸ್ಸು ಎರಡು ತಿರುವು ತಿರುಗಿತೆಂದರೆ ಮುಗಿಯಿತು. ಮದುವೆಯಾಗಿ ಗಂಡನ ಮನೆಗೆ ಬರುವ ದಿನವೇ ಧಾರೆ ಸೀರೆಯ ಮೇಲೆ ವಾಂತಿ ಮಾಡಿಕೊಂಡು, ಹಾಸನೂರಿಗೆ ಬರುವಷ್ಟರಲ್ಲಿ ಪ್ರಜ್ಞೆ ತಪ್ಪಿದ್ದೆ. ಹೊಸ ಸೊಸೆಯನ್ನು ನೋಡಲು ಬಂದ ಬೀದಿಯವರು ನೋಡಿದ್ದು, ಇಬ್ಬರು ಹೆಂಗಸರು ಹಿಡಿದುಕೊಂಡು ಇಳಿಸಿದ ಒಂದು ಹೆಣದಂಥ ಹುಡುಗಿಯನ್ನು.

ಈ ಕಾಯಿಲೆ ನನಗೆ ಬಂದದ್ದೇ ನಮ್ಮವ್ವನಿಂದ. ಅವ್ವ ಎತ್ತಿನ ಗಾಡಿ ಬಿಟ್ಟರೆ ಬೇರೆ ಯಾವುದನ್ನೂ ಹತ್ತಿ ದೂರ ಹೋದವಳಲ್ಲ. ನನಗೆ ಗಂಡು ಗೊತ್ತಾದಾಗ ಅವಳು ಕೇಳಿದ್ದು ಒಂದೇ, ಆ ಊರಿಗೆ ಗಾಡಿಯಲ್ಲಿ ಹೋಗಬಹುದೇ ಎಂದು. ಘಾಟಿಯ ಮೇಲಿನ ಊರು ಎಂದು ಅಪ್ಪ ಹೇಳಿದಾಗ ಎದ್ದು ಅಡುಗೆಮನೆಗೆ ಹೋದಳು. ಮದುವೆ ತವರಲ್ಲೇ ಆದ ಕಾರಣ ನನ್ನ ಗಂಡನ ಮನೆ ಹೇಗಿದೆ, ನೀರು ಎಲ್ಲಿಂದ ಹೊರುತ್ತೇನೆ, ಹಿತ್ತಲಲ್ಲಿ ಏನು ಬೆಳೆದಿದೆ, ಯಾವುದನ್ನೂ ಅವಳು ನೋಡಿರಲಿಲ್ಲ. ನನ್ನಣ್ಣ ಬಂದುಹೋದಾಗಲೆಲ್ಲ ಅವನನ್ನು ಕೂರಿಸಿಕೊಂಡು ಕೇಳುತ್ತಿದ್ದಳಂತೆ. ಅವನು ಗಂಡಸು. ಮನೆ ಚೆನ್ನಾಗಿದೆ, ಮಣಿ ಚೆನ್ನಾಗಿದ್ದಾಳೆ ಎಂದು ಎರಡು ಮಾತಿನಲ್ಲಿ ಮುಗಿಸುತ್ತಿದ್ದ.

ಮರುವರ್ಷ ಗೌರಿ ಹಬ್ಬಕ್ಕೆ ಅಣ್ಣ ಬಂದು ಕರೆದು ಹೋದ. ನಾನು ಹಲ್ಲು ಕಚ್ಚಿಕೊಂಡು ಗಂಡನ ಜೊತೆ ಬಸ್ಸು ಹತ್ತಿದೆ. ದಿಂಬಂ ತಲುಪುವಷ್ಟರಲ್ಲೇ ನನ್ನ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ. ಘಾಟಿ ಇನ್ನೂ ಶುರುವೇ ಆಗಿರಲಿಲ್ಲ. ಚಹಾ ಕುಡಿಯಲು ಬಸ್ಸು ನಿಂತಾಗ ನಾನು ಕೆಳಗಿಳಿದೆ, ಮತ್ತೆ ಹತ್ತಲು ಕಾಲೇ ಬರಲಿಲ್ಲ. ಕಂಡಕ್ಟರ್ ಎರಡು ಸಲ ಕೂಗಿದ. ನಮ್ಮವರು ನನ್ನ ಮುಖ ನೋಡಿ ಬ್ಯಾಗು ಇಳಿಸಿಕೊಂಡರು. ಬಸ್ಸು ಹೋಯಿತು. ರಸ್ತೆ ಬದಿಯ ಕಟ್ಟೆಯ ಮೇಲೆ ಕೂತು ನೋಡಿದರೆ ಕೆಳಗಿನ ಬಯಲೆಲ್ಲ ಕಾಣುತ್ತಿತ್ತು. ದೂರದಲ್ಲಿ ಅಣೆಕಟ್ಟಿನ ನೀರು ಹೊಳೆಯುತ್ತಿತ್ತು. ಅದರ ಆಚೆ ಎಲ್ಲೋ ಅವ್ವ ಹಬ್ಬದಡುಗೆ ಮಾಡಿಟ್ಟುಕೊಂಡು ದಾರಿ ಕಾಯುತ್ತಿದ್ದಳು. ನಾನು ಅಳಲಿಲ್ಲ, ಅಳುವುದಕ್ಕೂ ಮೈಯಲ್ಲಿ ಶಕ್ತಿ ಇರಲಿಲ್ಲ. ಸ್ವಲ್ಪ ಹೊತ್ತು ಗಾಳಿಗೆ ಮುಖ ಕೊಟ್ಟು ಕೂತ ಮೇಲೆ ತಲೆಸುತ್ತು ನಿಂತಿತು. ನಮ್ಮವರು ಅದನ್ನು ನೋಡುತ್ತಲೇ ಇದ್ದರು.

"ಎತ್ತಿನ ಗಾಡೀಲಿ ನಿಂಗೆ ಏನೂ ಆಗಲ್ಲ ಅಲ್ವಾ?" ಎಂದು ಕೇಳಿದರು.

ಏನೂ ಆಗುವುದಿಲ್ಲ ಎಂದೆ. ನಮ್ಮವರು ತಲೆಯಾಡಿಸಿದರು. ಅವರು ಮಾತು ಕಮ್ಮಿ. ಅವರ ತಲೆಯಲ್ಲಿ ಏನು ಓಡುತ್ತಿದೆ ಎಂದು, ಸಂಜೆ ಊರಿನ ಬಸ್ಸನ್ನು ಹೇಗೋ ಹತ್ತಿ ಹಿಂದಿರುಗುವಾಗಲೂ ನನಗೆ ತಿಳಿಯಲಿಲ್ಲ.

ತಿಳಿದದ್ದು ಮುಂದಿನ ವರ್ಷ. ಆ ಸಲ ಆಲೂಗಡ್ಡೆ ಚೆನ್ನಾಗಿ ಬಂದಿತ್ತು. ಒಂದು ಸಂಜೆ ಊಟಕ್ಕೆ ಕೂತಾಗ ಅವರು ಅತ್ತೆಗೆ, ಒಂದು ಮೋಟಾರ್ ಸೈಕಲ್ ತರೋಣ ಅಂತ ಇದೀನಿ ಕಣವ್ವ ಎಂದರು. ಅತ್ತೆ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ ಮಗನನ್ನು ನೋಡಿದರು. ಸೈಕಲ್ ಬಿಟ್ಟರೆ ಬೇರೇನೂ ಓಡಿಸದ ಮನುಷ್ಯ. ಸೈಕಲ್ಲಿನ ಮೇಲೆ ಕೂತಾಗಲೂ ಒಂದು ಕಾಲು ನೆಲ ಮುಟ್ಟಲು ಒದ್ದಾಡುವಷ್ಟು ಕುಳ್ಳು. ಇವನಿಗೆ ಏನಾಗಿದೆ ಎಂದು ಅತ್ತೆ ನನ್ನ ಕಡೆ ತಿರುಗಿದರು. ನನಗೂ ಗೊತ್ತಿರಲಿಲ್ಲ. ಆಗ ಅವರು, ಘಾಟಿ ಇಳಿಯೋಕೆ ಎಂದಷ್ಟೇ ಹೇಳಿ ಊಟ ಮುಂದುವರಿಸಿದರು.

ಅಲ್ಲಿಂದ ಶುರುವಾಯಿತು ಗಾಡಿ ಹುಡುಕುವ ಕೆಲಸ. ತಾಳವಾಡಿಯ ಚಹಾದಂಗಡಿಯಲ್ಲಿ ಕೂತು, ಗಾಡಿ ಇದ್ದವರನ್ನೆಲ್ಲ ಅವರು ಕೇಳುತ್ತಿದ್ದರು. ಮನೆಗೆ ಬಂದು ನನಗೆ ಹೇಳುತ್ತಿದ್ದರು. ಒಬ್ಬರು ಪೆಟ್ರೋಲ್ ಕಮ್ಮಿ ಕುಡಿಯುವ ಗಾಡಿ ತೆಗೆದುಕೋ ಎಂದರಂತೆ. ಇನ್ನೊಬ್ಬರು ಏರಿನಲ್ಲಿ ಬಸ್ಸನ್ನೇ ಹಿಂದೆ ಹಾಕುವ ಗಾಡಿ ಇದೆ ಎಂದರಂತೆ. ಕಾಡಿನ ಕಂಟ್ರಾಕ್ಟರೊಬ್ಬರು, ಹೊಸಬನಿಗೆ ಹಗುರ ಗಾಡಿಯೇ ಸರಿ, ಬಿದ್ದರೂ ಎತ್ತಿ ನಿಲ್ಲಿಸಬಹುದು ಎಂದು ಬುದ್ಧಿ ಹೇಳಿದರಂತೆ. ನಮ್ಮವರು ಎಲ್ಲರಿಗೂ ಕೊನೆಯಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದರು, ದೂರ ಹೋದರೆ ಹಿಂದೆ ಕೂತವರಿಗೆ ಹೇಗಿರುತ್ತದೆ ಎಂದು. "ಇಂದೆ ಕೂತವ್ರು ಗಟ್ಟಿಯಾಗಿ ಇಡ್ಕಂಡು ಕೂತ್ಕಬೇಕು, ಅಷ್ಟೆಯ" ಎಂದು ಒಬ್ಬ ಹೇಳಿದ್ದನ್ನು ಅವರು ನನಗೆ ಹೇಳಿ ತಾವೇ ನಕ್ಕಿದ್ದರು. ಅವರು ನಕ್ಕದ್ದು ಅಪರೂಪ, ಅದಕ್ಕೇ ನೆನಪಿದೆ.

ಚಾಮರಾಜನಗರದಲ್ಲಿ ಕರೀಂ ಸಾಬರೆಂದು ಒಬ್ಬ ಮೆಕ್ಯಾನಿಕ್ ಇದ್ದರು. ಹಳೆಯ ಗಾಡಿಗಳನ್ನು ರಿಪೇರಿ ಮಾಡಿ ಮಾರುತ್ತಿದ್ದರು. ನಮ್ಮವರು ಹೋಗಿ ವಿಷಯ ಹೇಳಿದಾಗ ಸಾಬರು, ಕೂರುವವರು ಅವರು ತಾನೇ, ಅವರನ್ನೇ ಕರಕೊಂಡು ಬಾ ಎಂದರಂತೆ. ಸರಿ, ಒಂದು ಸಂತೆಯ ದಿನ ತರಕಾರಿ ಹೇರಿದ ನಮ್ಮ ಎತ್ತಿನ ಗಾಡಿಯ ಮೇಲೆಯೇ ನಾನು ಚಾಮರಾಜನಗರಕ್ಕೆ ಹೋದೆ. ಹೆಂಗಸೊಬ್ಬಳು ಮೋಟಾರ್ ಸೈಕಲ್ ಆರಿಸಲು ಹೊರಟಿದ್ದಾಳೆ ಎಂಬುದು ಅಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಗಾಡಿ ಬೀದಿ ದಾಟುವವರೆಗೂ ನಾನು ತಲೆ ಎತ್ತಲಿಲ್ಲ.

ಸಾಬರ ಅಂಗಡಿಯ ಹಿಂದೆಯೇ ಅವರ ಮನೆ. ಅಂಗಳದಲ್ಲಿ ಮೂರು ಗಾಡಿ ನಿಂತಿದ್ದವು. ನಾನು ಹತ್ತಿರ ಹೋಗಲು ಹಿಂಜರಿದು ನಿಂತಾಗ ಒಳಗಿನಿಂದ ಅವರ ಹೆಂಡತಿ ಬಂದರು. ಬೇಲಿಯಾಚೆ ನಿಂತು ನೋಡುತ್ತಿದ್ದ ಗಂಡಸರನ್ನು ಏನೋ ಅಂದು ಓಡಿಸಿ, ನನ್ನ ಕೈ ಹಿಡಿದು ಕರೆದುಕೊಂಡು ಹೋದರು.

ಸಾಬರು ಮಾಡಿದ ಪರೀಕ್ಷೆ ಬಹಳ ಸರಳ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಶುರು ಮಾಡಿ, ನನ್ನನ್ನು ಹಿಂದಿನ ಸೀಟಿನಲ್ಲಿ ಒಂದು ಪಕ್ಕಕ್ಕೆ ಕೂರಿಸುತ್ತಿದ್ದರು. ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟು ಹೊತ್ತು ಕಣ್ಣು ಮುಚ್ಚಿ ಕೂತಿರಬೇಕು. ಏನನ್ನಿಸುತ್ತದೋ ನಾಚಿಕೆಯಿಲ್ಲದೆ ಹೇಳಬೇಕು.

ಮೊದಲನೆಯದು ಸಣ್ಣ ಗಾಡಿ. ನಮ್ಮವರ ಕಣ್ಣು ಅದರ ಮೇಲೇ ಇತ್ತು. ಅವರ ಎರಡೂ ಕಾಲು ನೆಲಕ್ಕೆ ಎಟುಕುತ್ತಿದ್ದವು, ಒಂದೇ ಒದೆತಕ್ಕೆ ಎಂಜಿನ್ ಶುರುವಾಗುತ್ತಿತ್ತು. ಆದರೆ ಅದಕ್ಕೆ ಪೆಟ್ರೋಲಿನ ಜೊತೆ ಆಯಿಲ್ ಬೆರೆಸಿ ಹಾಕುತ್ತಿದ್ದರು. ಆ ನೀಲಿ ಹೊಗೆ ಮೂಗಿಗೆ ಬಂದದ್ದೇ ನನಗೆ ವಾಂತಿ ಬರುವ ಹಾಗಾಯಿತು. ಸಾಬರ ಹೆಂಡತಿ ನನ್ನ ಮುಖ ನೋಡಿ ತಾವೇ ಕೈಹಿಡಿದು ಇಳಿಸಿದರು. ಎರಡನೆಯದರ ಸೀಟು ಹಿಂದಕ್ಕೆ ಎತ್ತರವಾಗಿತ್ತು, ಮೈಯೆಲ್ಲ ಗಿರಗಿರ ಅದುರುತ್ತಿತ್ತು. ಹಲ್ಲು ಕೂಡ ಅದುರುತ್ತದೆ ಎಂದೆ.

ಮೂರನೆಯದು ಹಳೆಯ ಕಪ್ಪು ಬುಲೆಟ್. ಎಮ್ಮೆಯ ಹಾಗೆ ನಿಂತಿತ್ತು. ಮುಂದಿನ ಸೀಟಿನ ಕೆಳಗೆ ದಪ್ಪ ಸ್ಪ್ರಿಂಗು, ಹಿಂದೆ ಮಣೆಯಷ್ಟು ಅಗಲದ ಮೆತ್ತನೆಯ ಸೀಟು. ಕಾಲಿಡಲು ಪಕ್ಕದಲ್ಲಿ ಹಲಗೆ, ಸೀರೆ ಚಕ್ರಕ್ಕೆ ಸಿಗದಂತೆ ಜಾಲರಿ. ಸಾಬರು ನಾಲ್ಕೈದು ಸಲ ತುಳಿದ ಮೇಲೆ ಅದು ಎದ್ದಿತು. ಉಳಿದವುಗಳ ಹಾಗೆ ಕಿರುಚಲಿಲ್ಲ. ಒಂದೊಂದು ಬಡಿತವನ್ನೂ ಬಿಡಿಬಿಡಿಯಾಗಿ ಕೇಳಬಹುದಿತ್ತು. ಕೂತು ಕಣ್ಣು ಮುಚ್ಚಿದೆ. ಬೆನ್ನಿಗೆ ಯಾರೋ ಮೆಲ್ಲಗೆ ತಟ್ಟುತ್ತಿರುವ ಹಾಗಿತ್ತು. ಹಿಂದಿನ ರಾತ್ರಿ ಭಯಕ್ಕೆ ನಿದ್ದೆ ಮಾಡಿರಲಿಲ್ಲವೋ ಏನೋ, ನನಗೆ ತೂಕಡಿಕೆ ಬಂದುಬಿಟ್ಟಿತು. ಸಾಬರ ಹೆಂಡತಿ ಭುಜ ಹಿಡಿದುಕೊಂಡಾಗಲೇ ಎಚ್ಚರವಾದದ್ದು. ಅಂಗಳದಲ್ಲಿದ್ದವರೆಲ್ಲ ನಗುತ್ತಿದ್ದರು. ಸಾಬರು ಎಂಜಿನ್ ಆರಿಸಿ, ಗಾಡಿ ಸಿಕ್ಕಿತು ನೋಡಪ್ಪ ಎಂದರು.

ಆದರೆ ಗಾಡಿ ಓಡಿಸಬೇಕಾದವರು ನಮ್ಮವರಲ್ಲವೇ? ಅವರು ಹತ್ತಿ ಕೂತು ನೋಡಿದರು. ಕಾಲಿನ ತುದಿಬೆರಳು ಮಾತ್ರ ನೆಲಕ್ಕೆ ತಾಗಿತು. ಸ್ಟ್ಯಾಂಡಿನಿಂದ ಇಳಿಸುವಾಗ ಅದರ ಭಾರಕ್ಕೆ ಅವರೇ ಒಂದು ಪಕ್ಕ ವಾಲಿದರು, ಸಾಬರು ಹಿಡಿದರು. ಸಾಬರು ಒಳ್ಳೆಯ ಮನುಷ್ಯ. ಮಾರಿದರೆ ಸಾಕು ಎಂದು ಸುಮ್ಮನಿರಲಿಲ್ಲ. ಈಗ ಆ ಸಣ್ಣ ಗಾಡಿ ತೆಗೆದುಕೊಂಡು ಒಂದು ವರ್ಷ ಓಡಿಸಿ ಕೈ ಕೂರಿಸಿಕೋ, ಇದನ್ನು ಆಮೇಲೆ ನೋಡೋಣ ಎಂದು ಸಮಾಧಾನವಾಗಿ ಹೇಳಿದರು. ನಾನೂ ಅದನ್ನೇ ಹೇಳಿದೆ. ಇಷ್ಟು ದಿನ ಕಾದವಳಿಗೆ ಇನ್ನೊಂದು ವರ್ಷ ಹೆಚ್ಚಲ್ಲ ಎಂದೆ.

ನಮ್ಮವರು ಬುಲೆಟ್ಟಿನ ಹ್ಯಾಂಡಲ್ ಬಿಡಲಿಲ್ಲ. "ಇವಳ್ಗೆ ಯಾವುದು ಆಯ್ತದೊ ಅದೆಯ ಕೊಡಿ ಸಾಬ್ರೆ. ನಾನು ಕಲ್ತ್ಕತೀನಿ" ಎಂದರು.

ಕಲಿಯುವುದು ಅಷ್ಟು ಸುಲಭವಾಗಿರಲಿಲ್ಲ. ಸಾಬರು ಮುಂದಿನ ಸೀಟನ್ನು ಸ್ವಲ್ಪ ತಗ್ಗಿಸಿ, ತಾವೇ ಗಾಡಿ ಓಡಿಸಿಕೊಂಡು ಊರಿಗೆ ತಂದು ಕೊಟ್ಟು, ಒಂದು ದಿನ ಇದ್ದು ಹೇಳಿಕೊಟ್ಟು ಹೋದರು. ಆಮೇಲೆ ನಮ್ಮವರು ದಿನಾ ಬೆಳಿಗ್ಗೆ ಹೊಲದ ಕೆಲಸಕ್ಕೆ ಮೊದಲು ಒಣಗಿದ ಕೆರೆಯ ಅಂಗಳಕ್ಕೆ ಗಾಡಿ ತಳ್ಳಿಕೊಂಡು ಹೋಗುತ್ತಿದ್ದರು. ಕಿಕ್ಕರ್ ತಿರುಗಿ ಹೊಡೆದು ಕಾಲಿನ ಗಿಣ್ಣು ಊದಿತು. ಸೈಲೆನ್ಸರ್ ತಾಗಿ ಮೀನಖಂಡ ಸುಟ್ಟಿತು. ಎಷ್ಟು ಸಲ ಬಿದ್ದರೋ, ನನಗೆ ಹೇಳುತ್ತಿರಲಿಲ್ಲ. ಪಂಚೆಗೆ ಅಂಟಿದ ಮಣ್ಣು ನೋಡಿ ನಾನೇ ಲೆಕ್ಕ ಹಾಕುತ್ತಿದ್ದೆ. ಹರಳೆಣ್ಣೆ ಬಿಸಿ ಮಾಡಿ ಗಿಣ್ಣಿಗೆ ಹಚ್ಚುವಾಗ, ಸಾಕು ಮಾರಿಬಿಡಿ ಎನ್ನುತ್ತಿದ್ದೆ. ಅವರು ಕೇಳಿಸದವರ ಹಾಗೆ ಇನ್ನೊಂದು ಕಾಲು ಮುಂದೆ ಚಾಚುತ್ತಿದ್ದರು.

ಒಬ್ಬರೇ ಓಡಿಸುವುದು ಬಂದ ಮೇಲೆ, ಹಿಂದೆ ಭಾರ ಇದ್ದರೆ ಹೇಗೆ ಎಂದು ನೋಡಬೇಕಲ್ಲ. ಅದಕ್ಕೆ ಒಂದು ರಾಗಿ ಮೂಟೆಯನ್ನು ಸೀಟಿಗೆ ಕಟ್ಟಿಕೊಂಡು ಕೆರೆ ಸುತ್ತತೊಡಗಿದರು. ಒಂದು ದಿನ ಮೂಟೆ ಜಾರಿ ಬಿದ್ದು ಬಾಯಿ ಬಿಚ್ಚಿತು. ಅರ್ಧ ಮೂಟೆ ಹಿಡಿದುಕೊಂಡು ಮನೆಗೆ ಬಂದ ಮಗನನ್ನು ಅತ್ತೆ ಜಗಲಿಯ ಮೇಲೇ ನಿಲ್ಲಿಸಿದರು. "ರಾಗಿ ಚೆಲ್ಲುದ್ರೆ ಬಳ್ಕಬೋದು ಕಣ್ಲಾ, ಇವಳ್ನ ಬಳ್ಕಕ್ಕಾಯ್ತದಾ?" ಎಂದು ಕೇಳಿದರು. ಒಳಗೆ ನಿಂತಿದ್ದ ನನಗೂ ಆ ಮಾತು ಕೇಳಿಸಿತು. ಅಲ್ಲಿಯವರೆಗೆ ಅತ್ತೆಗೆ ನನ್ನ ಮೇಲೆ ಅಂಥ ಪ್ರೀತಿಯೇನೂ ಇಲ್ಲ ಎಂದು ನಾನು ಅಂದುಕೊಂಡಿದ್ದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಹೊರಟೆವು. ಅವ್ವನಿಗೆಂದು ಎಳ್ಳುಂಡೆ ಕಟ್ಟಿಕೊಂಡಿದ್ದೆ. ಅತ್ತೆ ಬಾಗಿಲಿಗೆ ಬಂದರು. ಆ ಕಾಲದಲ್ಲಿ ನಮ್ಮ ಕಡೆ ಹೆಂಗಸರು ಗಂಡನ ಪಕ್ಕ ನಡೆಯುವುದೂ ಇರಲಿಲ್ಲ, ನಾಲ್ಕು ಹೆಜ್ಜೆ ಹಿಂದೆಯೇ. ನಾನು ಸೀಟಿನ ಹಿಂದಿನ ಕಂಬಿಯನ್ನು ಹಿಡಿದು ಕೂತದ್ದನ್ನು ನೋಡಿ ಅತ್ತೆ ಹತ್ತಿರ ಬಂದು, ನನ್ನ ಕೈ ಬಿಡಿಸಿ ಮಗನ ಸೊಂಟಕ್ಕೆ ಸುತ್ತಿಸಿದರು. ಬೀದಿಯವರೆಲ್ಲ ನೋಡುತ್ತಿದ್ದರು. "ನಾಚ್ಕಂಡು ಕೈ ಬುಟ್ಟುಗಿಟ್ಟೀಯೆ. ಯಾರೇನಾರ ಅನ್ನಲಿ, ಇಂಗೇ ಇಡ್ಕ" ಎಂದರು.

ತಾಳವಾಡಿ ದಾಟಿ ಕಾಡು ಸಿಕ್ಕಿತು. ಚಳಿ ಇತ್ತು. ನಮ್ಮವರು ಅಷ್ಟು ದೂರಕ್ಕೊಮ್ಮೆ ಗಾಡಿ ನಿಲ್ಲಿಸಿ, ಹಿಂದೆ ತಿರುಗಿ, ಎಂಗದ ಎಂದು ಕೇಳುತ್ತಿದ್ದರು. ಚೆನ್ನಾಗಿದೀನಿ ಎನ್ನುತ್ತಿದ್ದೆ. ನಿಜವಾಗಿಯೂ ಚೆನ್ನಾಗಿದ್ದೆ. ಆ ದಾರಿಯನ್ನು ನಾನು ಕಣ್ಣು ಬಿಟ್ಟು ನೋಡಿದ್ದು ಅದೇ ಮೊದಲು. ಹಿಂದೆ ಬಸ್ಸಿನಲ್ಲಿ ದಾಟಿದ್ದರೂ ಹಾಸನೂರಿನ ಹತ್ತಿರ ಅಷ್ಟೊಂದು ಬಿದಿರು ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ದಿಂಬಂನಲ್ಲಿ ಚಹಾ ಕುಡಿದೆವು. ಅವರು ಲೋಟ ಇಟ್ಟು ಬ್ರೇಕನ್ನು ಎರಡು ಸಲ ತುಳಿದು ನೋಡಿದರು.

ಘಾಟಿಯ ಮೊದಲ ಕೆಲವು ತಿರುವು ಇಳಿದದ್ದಾಯಿತು. ಕೆಳಗಿನಿಂದ ಬಸ್ಸೊಂದು ಹಾರನ್ ಮಾಡುತ್ತ ತಿರುವಿನಲ್ಲಿ ಒಮ್ಮೆಲೇ ಎದುರಾಯಿತು. ನಮ್ಮವರು ಬ್ರೇಕು ತುಳಿದರು. ಎಂಜಿನ್ ನಿಂತಿತು. ಅವರ ಕಾಲು ನೆಲಕ್ಕೆ ಸರಿಯಾಗಿ ಎಟುಕಲಿಲ್ಲ. ಗಾಡಿ ಮೆಲ್ಲಗೆ, ಬಹಳ ಮೆಲ್ಲಗೆ, ಕಣಿವೆಯ ಪಕ್ಕಕ್ಕೆ ವಾಲತೊಡಗಿತು. ಇಳಿ ಎಂದರು. ನಾನು ಹಾರಿದೆ. ಅವರು ತೊಡೆಯಿಂದ, ಎದೆಯಿಂದ ಅದನ್ನು ತಡೆದು ಹಿಡಿದರು. ಕೊನೆಗೆ ಗಾಡಿ ರಸ್ತೆಯಂಚಿನ ಮೋಟುಗೋಡೆಗೆ ಒರಗಿ ನಿಂತಿತು. ಗೋಡೆಯಾಚೆ ನೋಡಿದರೆ ಮರಗಳ ನೆತ್ತಿ ಮಾತ್ರ ಕಾಣುತ್ತಿತ್ತು. ಬಸ್ಸು ಏರು ಹತ್ತಿಕೊಂಡು ಹೋಯಿತು. ನಾವಿಬ್ಬರೂ ಎಳೆದರೂ ಗಾಡಿ ನೇರವಾಗಲಿಲ್ಲ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

ಆಗ ಮೇಲಿನಿಂದ ಮೂಟೆ ಹೇರಿದ ಲಾರಿಯೊಂದು ಬಂದು ನಿಂತಿತು. ಡ್ರೈವರ್ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟು ಬಂದ. ದಪ್ಪ ಆಳು, ಹಣೆಗೆ ವಿಭೂತಿ, ತಲೆಗೆ ಸುತ್ತಿದ ವಸ್ತ್ರ. ಒಂದೇ ಎಳೆತಕ್ಕೆ ಗಾಡಿಯನ್ನು ನೇರ ಮಾಡಿ ನಿಲ್ಲಿಸಿದ. ತಮಿಳಿನವನು. ನಾನು ಕೆಳಗೆ ತಮಿಳಿನವರ ನಡುವೆ ಬೆಳೆದವಳಾದ್ದರಿಂದ ನಾನೇ ಮಾತಾಡಿದೆ. ಗಾಡಿ ಕಲಿತು ಎಷ್ಟು ದಿನವಾಯಿತು ಎಂದು ಕೇಳಿದ. ಹೇಳಿದೆ. ಅವನು ನಮ್ಮವರನ್ನು ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ನೀನು ಲಾರಿಯಲ್ಲಿ ಕೂತುಕೋ, ಬಣ್ಣಾರಿಯಲ್ಲಿ ಇಳಿಸುತ್ತೇನೆ, ಅವನು ಒಬ್ಬನೇ ನಿಧಾನವಾಗಿ ಬರಲಿ ಎಂದ. ನಮ್ಮವರ ಮುಖದಲ್ಲಿ ಸ್ವಲ್ಪ ನೆಮ್ಮದಿ ಕಂಡಿತು. ನಾನು ಆಗುವುದಿಲ್ಲ ಎಂದೆ. ಯಾಕೆ ಆಗುವುದಿಲ್ಲ ಎಂದು ಹೇಳಬೇಕಾಯಿತು. ಗುರುತಿಲ್ಲದ ಮನುಷ್ಯನ ಮುಂದೆ ನಿಂತು ವಾಂತಿಯ ವಿಷಯ, ಅವ್ವನ ವಿಷಯ, ಅವಳನ್ನು ನೋಡಿ ಎರಡು ವರ್ಷದ ಮೇಲಾಯಿತು ಎಂಬ ವಿಷಯ ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

ಹಾಗಾದರೆ ನನ್ನ ಲಾರಿಯ ಹಿಂದೆ ಬನ್ನಿ, ಎದುರು ಬರುವವರನ್ನು ನಾನು ನೋಡಿಕೊಳ್ಳುತ್ತೇನೆ ಎಂದ. ಲಾರಿಯ ಹಿಂದೆ ಹೋದರೆ ಹೊಗೆಯೆಲ್ಲ ನನ್ನ ಮುಖಕ್ಕೇ ಬರುತ್ತದಲ್ಲ, ಅದನ್ನೂ ಹೇಳಿದೆ. ಹೇಳಲು ನನಗೇ ನಾಚಿಕೆಯಾಯಿತು. ಅವನು ತಲೆಯ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ. ಆಮೇಲೆ ಅವನಂದದ್ದನ್ನು ಕನ್ನಡದಲ್ಲಿ ಹೇಳುತ್ತೇನೆ.

"ಹಂಗಾದ್ರೆ ನೀವು ಮುಂದೆ ಹೋಗಿ ತಂಗಚ್ಚಿ. ನಾನು ಹಿಂದೆ ಬರ್ತೀನಿ. ಹಿಂದಿನಿಂದ ಒಂದು ವಂಡಿಯೂ ನಿಮ್ಮ ಹತ್ತಿರ ಬರದ ಹಾಗೆ ನೋಡ್ಕೊಳ್ತೀನಿ. ನಿಲ್ಲಬೇಕು ಅನ್ನಿಸಿದ ಕಡೆ ನಿಲ್ಲಿ. ಅವಸರ ಮಾಡಬೇಡಿ."

ಹಾಗೇ ಮಾಡಿದ. ನಾವು ಮುಂದೆ, ನಡೆದು ಹೋಗುವವರಿಗಿಂತ ಸ್ವಲ್ಪ ಜೋರಾಗಿ. ಹಿಂದೆ, ದೂರ ಬಿಟ್ಟು, ಆ ಲಾರಿ. ಪ್ರತಿ ತಿರುವಿಗೂ ಮೊದಲು ಅವನು ಉದ್ದವಾಗಿ ಹಾರನ್ ಮಾಡುತ್ತಿದ್ದ. ಕೆಳಗಿನಿಂದ ಹತ್ತಿ ಬರುವವರು ಅದನ್ನು ಕೇಳಿ ನಿಂತು ದಾರಿ ಬಿಡುತ್ತಿದ್ದರು. ಲಾರಿಯ ಹಿಂದೆ ಒಂದೊಂದೇ ಗಾಡಿ ಬಂದು ಸೇರಿಕೊಂಡವು. ಒಂದು ಬಸ್ಸು, ಇನ್ನೊಂದು ಲಾರಿ, ಒಂದು ಜೀಪು, ಮತ್ತೊಂದು ಬಸ್ಸು. ಎಲ್ಲರೂ ಹಾರನ್ ಬಾರಿಸುತ್ತಿದ್ದರು. ಮೇಲಿನ ತಿರುವಿನಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕಿ ಜನ ನಮ್ಮನ್ನು ನೋಡುತ್ತಿದ್ದರು. ನಮ್ಮವರಿಗೆ ಕೈಸೋತು ನಿಂತರೆ ಅಷ್ಟೂ ಗಾಡಿಗಳು ನಿಲ್ಲುತ್ತಿದ್ದವು. ಆ ಡ್ರೈವರ್ ಲಾರಿಯ ಕಿಟಕಿಯಿಂದ ಕೈ ಹೊರಗೆ ಚಾಚಿ, ಮಗುವನ್ನು ಮಲಗಿಸುವಾಗ ತಟ್ಟುತ್ತಾರಲ್ಲ, ಹಾಗೆ ಗಾಳಿಯನ್ನು ತಟ್ಟುತ್ತಿದ್ದ. ನಿಧಾನ, ನಿಧಾನ ಎಂದು. ಅದು ನಮಗೋ, ಹಿಂದೆ ಹಾರನ್ ಮಾಡುತ್ತಿದ್ದವರಿಗೋ ಗೊತ್ತಿಲ್ಲ. ಅವನ ಮುಖ ನನಗೆ ಈಗ ಸರಿಯಾಗಿ ನೆನಪಿಲ್ಲ. ಆ ಕೈ ನೆನಪಿದೆ.

ಅರ್ಧ ಘಾಟಿ ಇಳಿದ ಮೇಲೆ ನಮ್ಮವರ ಬೆನ್ನು ಸಡಿಲವಾದದ್ದು ನನ್ನ ಕೈಗೆ ಗೊತ್ತಾಯಿತು. ತಿರುವು ಬಂದಾಗ ಇಬ್ಬರೂ ಒಟ್ಟಿಗೆ ವಾಲುವುದು ಅಭ್ಯಾಸವಾಯಿತು. ಚಳಿ ಹೋಗಿ ಕೆಳಗಿನ ಬಯಲಿನ ಬೆಚ್ಚನೆ ಗಾಳಿ ಮುಖಕ್ಕೆ ತಾಗಿತು. ನನಗೆ ಹಸಿವಾಯಿತು. ಆ ದಾರಿಯಲ್ಲಿ ನನಗೆ ಹಸಿವಾಗುತ್ತದೆ ಎಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಬಣ್ಣಾರಿಯಲ್ಲಿ ನೆಲ ಸಮವಾದ ಮೇಲೆ ನಾವು ಪಕ್ಕಕ್ಕೆ ನಿಂತೆವು. ಲಾರಿಯೂ ನಿಂತಿತು. ಹಿಂದಿನವರೆಲ್ಲ ಒಬ್ಬೊಬ್ಬರಾಗಿ ಏನೇನೋ ಕೂಗಿಕೊಂಡು ಮುಂದೆ ಹೋದರು. ಡ್ರೈವರ್ ಅವರಿಗೆಲ್ಲ ತಲೆಯಾಡಿಸಿ ನಗುತ್ತಿದ್ದ. ನಮ್ಮವರು ಅವನ ಮುಂದೆ ಕೈಮುಗಿದು ನಿಂತರು. ನಾನು ಗಂಟು ಬಿಚ್ಚಿ ಎಳ್ಳುಂಡೆ ಕೊಟ್ಟೆ. ಒಂದನ್ನು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ವಸ್ತ್ರದ ತುದಿಗೆ ಕಟ್ಟಿಕೊಂಡ. ನಿಮ್ಮಮ್ಮನನ್ನು ಕೇಳಿದೆ ಎಂದು ಹೇಳು ಎಂದು ಲಾರಿ ಹತ್ತಿದ. ಹೆಸರು ಕೇಳಬೇಕೆಂದು ನಮಗಿಬ್ಬರಿಗೂ ಹೊಳೆದದ್ದು ಅವನು ಹೋದ ಮೇಲೆ.

ಅವ್ವ ಮನೆಯ ಮುಂದೆ ಅಕ್ಕಿ ಕೇರುತ್ತ ಕೂತಿದ್ದಳು. ಗಾಡಿಯ ಸದ್ದಿಗೆ ತಲೆ ಎತ್ತಿ, ಯಾರೋ ಆಫೀಸಿನವರು ಎಂದುಕೊಂಡು ಸೆರಗು ಸರಿಮಾಡಿಕೊಂಡಳು. ನಾನು ಇಳಿದು ಹತ್ತಿರ ಹೋಗುವವರೆಗೂ ಗುರುತಾಗಲಿಲ್ಲ. ಗುರುತಾದ ಮೇಲೆ ಮೊರ ಪಕ್ಕಕ್ಕಿಟ್ಟು, ನನ್ನ ಮುಖ ನೋಡಿ, ಸೀರೆ ನೋಡಿ, "ವಾಂತಿ ಆಗ್ಲಿಲ್ವಾ ಮಗ?" ಎಂದು ಕೇಳಿದಳು. ಇಲ್ಲ ಅವ್ವ, ಹಸಿವಾಗಿದೆ ಎಂದೆ. ಅವ್ವ ಅಳಲು ಶುರು ಮಾಡಿದಳು. 

ನಾವು ಅಲ್ಲಿದ್ದಷ್ಟು ದಿನವೂ, ಅಳಿಯ ಎದುರಿಗಿಲ್ಲದ ಹೊತ್ತು ನೋಡಿಕೊಂಡು ಅವ್ವ ಆ ಗಾಡಿಯ ಹತ್ತಿರ ಹೋಗುತ್ತಿದ್ದಳು. ಹಿಂದಿನ ಸೀಟನ್ನು ಅಂಗೈಯಿಂದ ಒತ್ತಿ ನೋಡುತ್ತಿದ್ದಳು. ನಾನು ಕಂಡೂ ಕಾಣದ ಹಾಗೆ ಇದ್ದೆ.

ಮುಂದಿನ ವರ್ಷ ನಾನು ಬಸುರಿಯಾದೆ. ಚೊಚ್ಚಲು ಹೆರಿಗೆಗೆ ತವರಿಗೆ ಹೋಗುವುದು ಪದ್ಧತಿ. ಆದರೆ ಬಸ್ಸಿನ ಮಾತೇ ಇಲ್ಲ, ಗಾಡಿಯ ಮೇಲೆ ಘಾಟಿ ಇಳಿಯುವುದೂ ಬೇಡ ಎಂದು ತಾಳವಾಡಿ ಆಸ್ಪತ್ರೆಯ ನರ್ಸಮ್ಮ ಗದರಿದರು. ನಾನು ಒಳಗೊಳಗೇ ಹೆದರಿದ್ದೆ. ಹೆರುವಾಗ ಅವ್ವ ಹತ್ತಿರ ಇರಬೇಕು ಎಂದು ಯಾರಿಗೆ ತಾನೇ ಅನ್ನಿಸುವುದಿಲ್ಲ? ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ನಮ್ಮವರು ಒಬ್ಬರೇ ಗಾಡಿ ತೆಗೆದುಕೊಂಡು ಹೋದರು. ಗೊಬ್ಬರದ ಕೆಲಸ ಎಂದಿದ್ದರು. ಮರುದಿನ ಮಧ್ಯಾಹ್ನ ನಾನೂ ಅತ್ತೆಯೂ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಬೀದಿಯ ತುದಿಯಲ್ಲಿ ಗಾಡಿಯ ಸದ್ದು ಕೇಳಿತು. ತಲೆ ಎತ್ತಿ ನೋಡಿದೆ. ನಮ್ಮವರು ನೆಟ್ಟ ಕಂಬದ ಹಾಗೆ ಸೆಟೆದು ಕೂತು ಬರುತ್ತಿದ್ದರು. ಅವರ ಹಿಂದೆ, ಒಂದು ಪಕ್ಕಕ್ಕೆ ಕೂತು, ತಲೆ ತುಂಬ ಸೆರಗು ಹೊದ್ದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ನಮ್ಮವ್ವ.

ಅವ್ವ ಅಳಿಯನ ಎದುರು ನಿಂತು ಮಾತಾಡಿದವಳೂ ಅಲ್ಲ. ಅಂಥವಳು ಅವರ ಮೈ ಹಿಡಿದು ಕೂರುವುದಾದರೂ ಹೇಗೆ? ಅದಕ್ಕೆ ನಮ್ಮವರು ಒಂದು ಉದ್ದನೆಯ ಟವೆಲನ್ನು ಹೊಟ್ಟೆಯ ಸುತ್ತ ಹಾಯಿಸಿ ಎರಡೂ ತುದಿಯನ್ನು ಹಿಂದಕ್ಕೆ ಕೊಟ್ಟಿದ್ದರು. ಅವ್ವ ಆ ಎರಡು ತುದಿಗಳನ್ನು ಎತ್ತಿನ ಮೂಗುದಾರದ ಹಾಗೆ ಮುಷ್ಟಿಯಲ್ಲಿ ಹಿಡಿದು, ಇಪ್ಪತ್ತೇಳು ತಿರುವು ಹತ್ತಿ ಬಂದಿದ್ದಳು.

ಗಾಡಿ ನಿಂತರೂ ಅವ್ವ ಕಣ್ಣು ಬಿಡಲಿಲ್ಲ, ಕೈಯೂ ಬಿಡಲಿಲ್ಲ. ಬೀದಿಯವರೆಲ್ಲ ಬಂದು ಸುತ್ತ ನಿಂತರು. ನನಗೆ ಬೇಗ ಏಳಲಾಗಲಿಲ್ಲ. ಅತ್ತೆ ಎದ್ದು ಹೋಗಿ, ಅವ್ವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. "ಬಂದಾಯ್ತು ಬುಡು ಬೀಗ್ತಿ. ಇಳಿ, ನಿನ್ ಮಗಳ ಮನೆ ಇದು" ಎಂದರು.

ಅವ್ವ ಇಳಿದಳು. ನನ್ನ ಹೊಟ್ಟೆಯ ಮೇಲೆ ಒಮ್ಮೆ ಕೈಯಿಟ್ಟಳು. ಕೂರು, ನೀರು ಕುಡಿ ಎಂದರೂ ಕೂರಲಿಲ್ಲ. ಸೊಂಟ ನೆಟ್ಟಗಾಗದೆ ಬಾಗಿಕೊಂಡೇ ಒಳಗೆ ಹೋಗಿ ನಡುಮನೆ ನೋಡಿದಳು, ಒಲೆ ನೋಡಿದಳು, ನೀರಿನ ಹಂಡೆಯನ್ನು ಮುಟ್ಟಿದಳು. ಹಿತ್ತಲ ಬಾಗಿಲು ತೆಗೆದು ಬಹಳ ಹೊತ್ತು ಅಲ್ಲಿ ನಿಂತಳು. ನಾನು ಪಕ್ಕಕ್ಕೆ ಹೋಗಿ ನಿಂತೆ. ಸಾಲಾಗಿದ್ದ ಅವರೆ ಗಿಡ, ಬಟ್ಟೆ ಒಗೆಯುವ ಕಲ್ಲು, ಅದರಾಚೆಗೆ ನಮ್ಮ ಹೊಲ. "ನಿಮ್ಮಣ್ಣ ಇದೇನೂ ಏಳ್ಲೇ ಇಲ್ಲ ಕಣ ಮಗ" ಎಂದಳು.

ಅವ್ವ ನನ್ನ ಬಾಣಂತನ ಮುಗಿಸಿಕೊಂಡೇ ಹೋದದ್ದು. ಹೋಗುವಾಗಲೂ ಅದೇ ಗಾಡಿ, ಅದೇ ಟವೆಲು. ಆಮೇಲೆ ಬದುಕಿರುವವರೆಗೂ ವರ್ಷಕ್ಕೊಮ್ಮೆಯಾದರೂ ಹಾಗೆ ಬರುತ್ತಿದ್ದಳು.

ಬಸ್ಸು ನನಗೆ ಈಗಲೂ ಆಗುವುದಿಲ್ಲ, ನಿಂಬೆಹಣ್ಣು ಕೊಡುವವರು ಈಗಲೂ ಸಿಗುತ್ತಾರೆ. ಅಂಥವರನ್ನು ಕಂಡಾಗ ನನಗೆ ಬೇಸರವಾಗುವುದಿಲ್ಲ. ನೂರು ಜನ ನಗುವ ಒಂದು ಸಣ್ಣ ಕಷ್ಟವನ್ನು ಒಬ್ಬ ಮೆಕ್ಯಾನಿಕ್, ಅವರ ಹೆಂಡತಿ, ಹೆಸರು ಗೊತ್ತಿಲ್ಲದ ಒಬ್ಬ ಲಾರಿ ಡ್ರೈವರ್, ನನ್ನ ಅತ್ತೆ, ಎಲ್ಲಕ್ಕಿಂತ ಮೊದಲು ನನ್ನ ಗಂಡ, ಯಾರೂ ನಗದೆ ಕೇಳಿಸಿಕೊಂಡರು. ಅಷ್ಟು ಜನ ಒಂದೇ ಜನ್ಮದಲ್ಲಿ ಸಿಕ್ಕಿದರಲ್ಲ ಎಂದು ನೆನೆದಾಗ ಈಗಲೂ ನನ್ನ ಕಣ್ಣು ತುಂಬುತ್ತದೆ.